ಪಂಪಾಪತಿಯವರ ಪಾರ್ಟಿಗೆ ವೋಟು

“ಏನ್ರಿ ಅಕ್ಕಾರೆ, ಸೊಸೆ ಬಂದ್ಲಾ ಡಿಸಿ ಆಫೀಸಿಂದ?”

“ಈಗ ಬಂದ್ಲವ್ವ. ಘೋಷಣೆ ಕೂಗಿ ಕೂಗಿ ಗಂಟಲು ಕಟ್ಟೈತಿ, ಬಿಸಿನೀರು ಕುಡೀತಾ ಕುಂತಾಳೆ.”

ಕಾಂಪೌಂಡಿನ ಆಚೆ ಕಟ್ಟೆಯ ಮೇಲೆ ಆಕೆಯ ಬ್ಯಾಗು ಬಾಯ್ತೆರೆದು ಕೂತಿತ್ತು. ಅಂಗನವಾಡಿಯ ಹಾಜರಾತಿ ಪುಸ್ತಕ, ನೀರಿನ ಬಾಟ್ಲಿ, ನಡುವೆ ನಾಲ್ಕು ಮಡಿಕೆ ಮಾಡಿದ ಕೆಂಪು ಬಾವುಟ. ಗೌರವಧನ ಹೆಚ್ಚಿಸಿ ಅನ್ನುವುದಿರಲಿ, ಬಿಸಿಯೂಟದವರ ಧರಣಿ ಇರಲಿ, ನಮ್ಮೂರಲ್ಲಿ ಮುಂದೆ ನಿಲ್ಲುವುದು ಇವತ್ತಿಗೂ ಸಿಪಿಐನ ಕಾರ್ಮಿಕ ಸಂಘಟನೆ ಎಐಟಿಯುಸಿಯೇ.

“ಎಲೆಕ್ಷನ್ ಬಂದ್ರೆ ಮಾತ್ರ ಆ ಬಾವುಟದ ಕಡೆ ತಿರುಗಿ ನೋಡಲ್ಲ ಇವ್ರು,” ಅಂದರು ಅಕ್ಕ. “ಕೇಳಿದ್ರೆ, ‘ಅತ್ತೀ, ಗೆಲ್ಲಲಾರದೋರಿಗೆ ಹಾಕಿ ವೋಟು ಯಾಕೆ ಕೆಡಿಸ್ಲಿ’ ಅಂತಾಳೆ.”

ನನಗೆ ಸಂಕಟವಾಗುವುದು ಇಲ್ಲೇ. ಇದೇ ದಾವಣಗೆರೆ 1978, 1983, 1985, ಮೂರು ಸಲವೂ ಸಿಪಿಐನ ಪಂಪಾಪತಿಯವರನ್ನು ವಿಧಾನಸೌಧಕ್ಕೆ ಕಳಿಸಿದ ಊರು. 2023ರಲ್ಲಿ ಆ ಪಕ್ಷ ರಾಷ್ಟ್ರೀಯ ಪಕ್ಷದ ಮಾನ್ಯತೆಯನ್ನೂ ಕಳಕೊಂಡಿತು. ಕಾನ್ಪುರದಲ್ಲಿ 1925ರ ಡಿಸೆಂಬರಿನಲ್ಲಿ ಹುಟ್ಟಿದ್ದು, ನೂರು ತುಂಬಿತು. ಅಶೋಕ ರಸ್ತೆಯಲ್ಲಿ ಪಂಪಾಪತಿ ಭವನ ಇದೆ, ವೋಟಿನ ಪೆಟ್ಟಿಗೆಯಲ್ಲಿ ಏನೂ ಇಲ್ಲ.

“ಮಿಲ್ಲು ಹೋದವು, ಪಾರ್ಟಿನೂ ಹೋತು. ಇನ್ನೇನು?” ಅಂದರು ಅಕ್ಕ. ಅವರ ಯಜಮಾನರು ಕಾಟನ್ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು.

ಅರ್ಧ ನಿಜ. ಆಂಜನೇಯ ಮಿಲ್ಲು, ಚಂದ್ರೋದಯ ಮಿಲ್ಲು ಇದ್ದಾಗ ಗೇಟಿನ ಮುಂದೆ ಒಂದು ಸಭೆ ಮಾಡಿದರೆ ಸಾವಿರ ಮನೆಗೆ ಮಾತು ಮುಟ್ಟುತ್ತಿತ್ತು. ದಾವಣಗೆರೆ ಕಾಟನ್ ಮಿಲ್ಲು ಈಗ ಡಿಸಿಎಂ ಟೌನ್‌ಶಿಪ್ ಅನ್ನುವ ಹೆಸರಲ್ಲಷ್ಟೇ ಉಳಿದಿದೆ. ಹರಿಹರದಲ್ಲಿ 1941ರಿಂದ ಲೇತ್ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿ ಇಪ್ಪತ್ತು ವರ್ಷದ ಮೇಲಾಯಿತು. ಆದರೆ ದುಡಿಯುವವರು ಎಲ್ಲಿಗೆ ಹೋದರು? ಮಂಡಕ್ಕಿ ಭಟ್ಟಿಯ ಕಾದ ಮರಳಿನ ಮುಂದೆ ನಿಂತಿದ್ದಾರೆ. ಎಪಿಎಂಸಿಯಲ್ಲಿ ಮೂಟೆ ಹೊರುತ್ತಿದ್ದಾರೆ, ಬೈಕಿನಲ್ಲಿ ಊಟ ಹಂಚುತ್ತಿದ್ದಾರೆ. ಇವರಿಗೆ ಗೇಟಿಲ್ಲ, ಪಾಳಿಯಿಲ್ಲ. ಹುಡುಕಿಕೊಂಡು ಓಣಿಗೇ ಹೋಗಬೇಕು.

“ಪಂಪಾಪತಿ ಓಣಿ ಬಿಟ್ಟೋರಲ್ಲ,” ಅಂದರು ಅಕ್ಕ ತಟ್ಟನೆ. “ಮುನಿಸಿಪಾಲ್ಟಿ ಅಧ್ಯಕ್ಷರೂ ಆಗಿದ್ರಲ್ಲ. ನಳ, ಜಾಗ, ಬೀದಿ ದೀಪ, ಇವನ್ನ ಕೇಳಾಕೆ ಹೋಗ್ತಿದ್ರು ಜನ. ಮಾರ್ಕ್ಸು ಗೀರ್ಕ್ಸು ನಮಿಗೇನು ಗೊತ್ತು?”

ಅದನ್ನೇ ನಾನೂ ಹೇಳುವುದು. ಸಂಬಳದ ಜಗಳಕ್ಕೆ ಒಂದು ಬಾವುಟ, ನಳದ ಜಗಳಕ್ಕೆ ಇನ್ನೊಬ್ಬ ಕಾರ್ಪೊರೇಟರ್ ಅಂತಾದರೆ, ವೋಟು ನಳದ ಕಡೆಗೇ ಹೋಗುತ್ತದೆ. ಜನರದ್ದು ದ್ರೋಹವಲ್ಲ ಅದು. ಪಾಲಿಕೆಯಲ್ಲಿ 45 ವಾರ್ಡುಗಳಿವೆ, 2019ರ ಚುನಾವಣೆಯಲ್ಲಿ ಒಂದರಲ್ಲೂ ಸಿಪಿಐ ಗೆಲ್ಲಲಿಲ್ಲ. ಎಲ್ಲ ಕಡೆ ನಿಲ್ಲುವುದು ಬೇಡ. ಮೂರೇ ವಾರ್ಡು ಹಿಡಿಯಲಿ. ಇ-ಖಾತಾ, ಪಿಂಚಣಿ, ಕಟ್ಟಡ ಕಾರ್ಮಿಕರ ಕಾರ್ಡು, ಇವಕ್ಕೆ ಅರ್ಜಿ ಬರೆದುಕೊಡುವ ಒಂದು ಮೇಜು ಹಾಕಿಕೊಂಡು ಐದು ವರ್ಷ ಕೂರಲಿ.

“ದುಡ್ಡಿಲ್ಲದೆ ನಡೀತೈತೇನೆ ಈ ಊರಾಗೆ? ಎರಡು ದೊಡ್ಡ ಮನಿಗಳ ಕುಸ್ತಿ ಇದು.”

ಕುಸ್ತಿ ಹೌದು. 2024ರ ಲೋಕಸಭೆಗೆ ಕಾಂಗ್ರೆಸ್ಸಿನಿಂದ ಶಾಮನೂರು ಮನೆತನದ ಸೊಸೆ ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯಿಂದ ಆಗಿನ ಸಂಸದ ಸಿದ್ದೇಶ್ವರರ ಪತ್ನಿ ಗಾಯತ್ರಿ. ಪ್ರಭಾ ಗೆದ್ದದ್ದು ಸುಮಾರು 26,000 ಮತಗಳಿಂದ. ಅದೇ ಚುನಾವಣೆಯಲ್ಲಿ ಪಕ್ಷೇತರ ವಿನಯ್ ಕುಮಾರ್‌ಗೆ 40,000ಕ್ಕೂ ಹೆಚ್ಚು ಜನ ಒತ್ತಿದರಲ್ಲ, ಅವರೆಲ್ಲ ಯಾರು? ಆ ಎರಡೂ ಮನೆ ಬೇಡ ಅಂದವರು. ಹರಿಹರವಂತೂ 2013ರಲ್ಲಿ ಜೆಡಿಎಸ್, 2018ರಲ್ಲಿ ಕಾಂಗ್ರೆಸ್, 2023ರಲ್ಲಿ ಬಿಜೆಪಿ ಅಂತ ಪ್ರತಿ ಸಲ ಬೇರೆ ಪಕ್ಷವನ್ನು ಗೆಲ್ಲಿಸಿದೆ. ಮತದಾರ ಕಟ್ಟುಬಿದ್ದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಏನು ಬೇಕು?

ಇನ್ನೊಂದು ಮಾತು, ಪಾರ್ಟಿಯವರಿಗೇ ಕೇಳಿಸಲಿ ಅಂತ ಹೇಳುತ್ತೇನೆ. ಧರಣಿಯಲ್ಲಿ ಬಿಸಿಲಿಗೆ ಕೂರುವವರು ಹೆಂಗಸರು. ಹಾಗಿದ್ದಮೇಲೆ ಪಾಲಿಕೆಗೆ ನಿಲ್ಲಬೇಕಾದವಳೂ ಮಂಡಕ್ಕಿ ಚೀಲ ತುಂಬುವ ಹೆಂಗಸೇ.

“ಅಂಥಾಕಿ ಒಬ್ಬಾಕಿ ನಿಂತ್ರೆ,” ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿದರು, “ಮಂಡಿನೋವು ಇದ್ರೂ ನಾನು ಚೀಟಿ ಹಿಡ್ಕಂಡು ಮನಿ ಮನಿ ತಿರುಗ್ತೀನಿ.”

ಒಳಗಿಂದ ಸೊಸೆಯ ಕಟ್ಟಿದ ಗಂಟಲು ಕೇಳಿತು: “ಯಾವ ವಾರ್ಡಿಗೆ ಅತ್ತೀ?”