‘ಡೆಲಿವರ್ಡ್’ ಅಂತ ಬರದವ್ರು ಯಾರ್ರಿ? – ದಾರಿ ತಪ್ಪಿದ ಪಾರ್ಸೆಲ್ಲಿನ ಸಂದರ್ಶನ

ರಾಯಚೂರು ಜಿಲ್ಲೆ ಸಿರವಾರ ತಾಲೂಕಿನ ಕಲ್ಲೂರು. ಅಲ್ಲಿನ ಹತ್ತಿ ಬೆಳೆಗಾರರೊಬ್ಬರು ಮೊಬೈಲಿನಲ್ಲೇ ಬ್ಯಾಟರಿ ಸ್ಪ್ರೇಯರ್ ಆರ್ಡರ್ ಮಾಡಿದರು, ದುಡ್ಡನ್ನೂ ಮೊದಲೇ ಕಟ್ಟಿದರು. ಕೆಲ ದಿನಗಳಲ್ಲಿ ಪರದೆಯ ಮೇಲೆ ಹಸಿರು ಗುರುತು ಬಿತ್ತು: ‘ಡೆಲಿವರ್ಡ್’. ಮನೆ ಬಾಗಿಲಿಗೆ ಮಾತ್ರ ಏನೂ ಬರಲಿಲ್ಲ. ಎರಡು ರಾಜ್ಯ ಸುತ್ತಿ, ಮೂಲೆ ಜಜ್ಜಿಸಿಕೊಂಡು, ಮೈತುಂಬ ಲೇಬಲ್ ಅಂಟಿಸಿಕೊಂಡು ಈಗ ರಾಯಚೂರಿನ ಕೊರಿಯರ್ ಗೋದಾಮೊಂದರಲ್ಲಿ ಕೂತಿರುವ ಆ ಪೆಟ್ಟಿಗೆಯನ್ನೇ ನಮ್ಮ ಪ್ರತಿನಿಧಿ ಮಾತಾಡಿಸಿದರು. (ಪೆಟ್ಟಿಗೆ, ಗಿರಾಕಿ, ಪ್ರವಾಸ ಎಲ್ಲ ಕಲ್ಪನೆ. ಕಾಯ್ದೆ ಮಾತ್ರ ನಿಜ.)

ಪ್ರಶ್ನೆ: ನಮಸ್ಕಾರ. ಪ್ರವಾಸ ಹೇಗಿತ್ತು?

ಪೆಟ್ಟಿಗೆ: ಏನ್ ಕೇಳ್ತೀರಿ ಬಿಡ್ರಿ. ಕಾಶಿಗೆ ಹೋದೋರು ಸೈತ ಇಷ್ಟು ತಿರುಗಂಗಿಲ್ಲ. ಮೊದ್ಲ ಕರ್ನೂಲಿನ ಕಲ್ಲೂರಿಗೆ ಒಯ್ದ್ರು. ಅಲ್ಲಿಯವ್ರು ‘ಇದು ಕರ್ನಾಟಕದ್ದು’ ಅಂತ ಬೆಂಗಳೂರಿಗೆ ಹೊರಳಿಸಿದ್ರು. ಬೆಂಗಳೂರಾಗ ‘ಕರ್ನಾಟಕದ ಕಲ್ಲೂರು ಅಂದ್ರೆ ಗುಬ್ಬಿ ತಾಲೂಕಿನದೇ’ ಅಂತ ತುಮಕೂರು ಲಾರಿ ಹತ್ತಿಸಿದ್ರು. ತೆಲಂಗಾಣದ ಖಮ್ಮಂ ಜಿಲ್ಲಾದಾಗೂ ಒಂದು ಕಲ್ಲೂರು ಐತಿ, ಪುಣ್ಯಕ್ಕ ಅದೊಂದು ತಪ್ಪಿತು.

ಪ್ರಶ್ನೆ: ಬೆಂಗಳೂರಿನವರಿಗೆ ರಾಯಚೂರು ನೆನಪಾಗಲಿಲ್ಲವೆ?

ಪೆಟ್ಟಿಗೆ: ನಮ್ಮ ರಾಯಚೂರಿನ ಶಕ್ತಿನಗರದಾಗ ಹುಟ್ಟೋ ಕರೆಂಟು ಬೆಂಗಳೂರಿನ ದಾರಿ ಎಂದೂ ತಪ್ಪಿಲ್ರಿ. ಬೆಂಗಳೂರಿಂದ ಬರೋದು ಏನಿದ್ರೂ ರಾಯಚೂರಿನ ದಾರಿ ತಪ್ಪತೈತಿ.

ಪ್ರಶ್ನೆ: ನಿಮ್ಮ ಮೈಮೇಲಿನ ವಿಳಾಸವೇ ತಪ್ಪಿತ್ತೇನೋ?

ಪೆಟ್ಟಿಗೆ: ಓದ್ರಿ ನೀವ. ‘ಹನುಮಪ್ಪನ ಗುಡಿ ಹಿಂದ, ಕಲ್ಲೂರು, ರಾಯಚೂರು ಜಿಲ್ಲೆ.’ ತಾಲೂಕಿನ ಜಾಗದಾಗ ಮಾನ್ವಿ ಅಂತ ಐತಿ. ಯಾಕಂದ್ರ ಸಿರವಾರ ತಾಲೂಕಾಗಿ ವರ್ಷಗಳೇ ಆದ್ರೂ ಆ ಕಂಪನಿ ಪಟ್ಟಿಯೊಳಗ ಅದರ ಹೆಸರಿಲ್ಲ. ಅದು ಹೋಗ್ಲಿ, ಪಿನ್‌ಕೋಡ್ ಕರೆಕ್ಟ್ ಐತೆಲ್ಲ! 1972ರ ಆಗಸ್ಟ್ 15ರಂದು ಸರ್ಕಾರ ಆರು ಅಂಕಿ ಕೊಟ್ಟಿದ್ದ ಇಂಥಾ ಹೆಸರಿನ ಗೊಂದಲ ಬ್ಯಾಡಂತ. ಮೊದಲಿನ 5 ಕರ್ನಾಟಕ, ಆಂಧ್ರ, ತೆಲಂಗಾಣಕ್ಕ ಒಂದ. ಮೂರು ಅಂಕಿ ಓದಿದ್ರ ಗೊತ್ತಾಗತೈತಿ: 584 ರಾಯಚೂರು, 518 ಕರ್ನೂಲು, 572 ತುಮಕೂರು. ಮೊದಲ ಅಂಕಿ ನೋಡಿ ಲಾರಿಗೆ ಒಗದ್ರ ಉಳಿದ ಐದು ಅಂಕಿ ಚಂದಕ್ಕ ಬರದಾರೇನು?

ಪ್ರಶ್ನೆ: ಈಗ ಅಂಚೆ ಇಲಾಖೆ ಡಿಜಿಪಿನ್ ತಂದಿದೆಯಲ್ಲ?

ಪೆಟ್ಟಿಗೆ: 2025ರ ಮೇ ತಿಂಗಳಾಗ ಬಂತು. ಹತ್ತು ಅಕ್ಷರ-ಅಂಕಿ, ಸುಮಾರು ನಾಲ್ಕು ಮೀಟರ್ ಚೌಕದಷ್ಟು ಕರಾರುವಾಕ್ಕು. ಗುಡಿ ಹಿಂದ ಅಲ್ಲ, ಗುಡಿ ಕಟ್ಟಿಯ ಯಾವ ಮೂಲಿ ಅಂತ ಹೇಳತೈತಿ. ಆದ್ರ ಆರು ಓದದವ್ರು ಹತ್ತು ಓದ್ತಾರೇನ್ರಿ?

ಪ್ರಶ್ನೆ: ನೀವು ಗುಬ್ಬಿಯ ಕಡೆ ಇದ್ದರೆ ಇಲ್ಲಿ ‘ಡೆಲಿವರ್ಡ್’ ಎಂದು ಬಂದದ್ದು ಹೇಗೆ?

ಪೆಟ್ಟಿಗೆ: ಅದ ಮಜಾ. ಡೆಲಿವರಿ ಹುಡುಗ ನಮ್ಮ ಮಾಲಕ್ರಿಗೆ ಫೋನ್ ಮಾಡಿದ: ‘ಸಾರ್, ಕಲ್ಲೂರಲ್ಲೇ ಇದೀನಿ, ಓಟಿಪಿ ಹೇಳಿ.’ ಅವ್ರು ಹೊಲದಾಗ ಇದ್ರು: ‘ಹೌದಾ ತಮ್ಮಾ, ಗುಡಿ ಹಿಂದ ಮನಿ, ಕೊಟ್ಟು ಹೋಗು’ ಅಂತ ನಂಬರ್ ಹೇಳಿಬಿಟ್ರು. ಅವನೂ ಸುಳ್ಳು ಹೇಳಿಲ್ಲ, ಇವರೂ ಹೇಳಿಲ್ಲ. ಅಲ್ಲೂ ಹನುಮಪ್ಪನ ಗುಡಿ, ಅದರ ಹಿಂದ ಅಲ್ಲೂ ಒಂದು ಮನಿ. ಹುಡುಗನ್ನ ಬೈಬ್ಯಾಡ್ರಿ, ಪೆಟ್ಟಿಗಿಗೆ ಇಷ್ಟು ಅಂತ ದುಡಿಯಾವ, ಪೆಟ್ರೋಲು ಅವಂದ.

ಪ್ರಶ್ನೆ: ಆ ಮನೆಯವರು ನಿಮ್ಮನ್ನು ಇಟ್ಟುಕೊಂಡರೆ?

ಪೆಟ್ಟಿಗೆ: ಅಲ್ಲಿ ಒಬ್ಬಾಕಿ ಅಜ್ಜಿ. ‘ಮಗ ಕಳಿಸಿರ್ಬೇಕು’ ಅಂತ ಅಟ್ಟದ ಮ್ಯಾಲೆ ಇಟ್ಲು. ಮಗ ಬಂದು ಹೆಸರು ಓದಿ ಕಂಪನಿಗೆ ಫೋನ್ ಮಾಡಿದ, ಹಂಗ ನಾ ಈ ಗೋದಾಮಿಗೆ ಬಂದೆ. ಬಲ್ಲವ ಅಂವ. 1872ರ ಕರಾರು ಕಾಯ್ದೆಯ 72ನೇ ಕಲಂ ಪ್ರಕಾರ ತಪ್ಪಿ ಕೈಗೆ ಬಂದದ್ದನ್ನ ತಿರುಗಿ ಕೊಡಬೇಕು. ಇನ್ನೊಬ್ಬರದು ಅಂತ ಗೊತ್ತಿದ್ದೂ ನುಂಗಿದ್ರ ಅದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂಗೆ ಹೋಗತೈತಿ. ಪುಕ್ಕಟೆ ಬಂತು ಅನ್ನೋ ಮಾತ ಇಲ್ಲ.

ಪ್ರಶ್ನೆ: ಇತ್ತ ನಿಮ್ಮ ಮಾಲೀಕರಿಗೆ ಕಂಪನಿ ಏನು ಹೇಳಿತು?

ಪೆಟ್ಟಿಗೆ: ಮೊದ್ಲ ಯಂತ್ರ ಮಾತಾಡ್ತು: ‘ನಿಮ್ಮ ವಸ್ತು ತಲುಪಿದೆ, ದಯವಿಟ್ಟು ಐದು ಸ್ಟಾರ್ ಕೊಡಿ.’ ಆಮ್ಯಾಲೆ ಮನುಷ್ಯಾ ಬಂದ, ಹಿಂದಿಯೊಳಗ. ‘ನಾವು ಬರೀ ವೇದಿಕೆ, ಮಾರಿದವರನ್ನ ಕೇಳ್ರಿ’ ಅಂದ. ಮಾರಿದವ ‘ಕೊರಿಯರ್‌ಗೆ ಕೊಟ್ಟೀನಿ’ ಅಂದ. ಕೊರಿಯರಿನವ ‘ಓಟಿಪಿ ಬಂದೈತಿ, ನಮ್ಮ ಕೆಲಸ ಮುಗೀತು’ ಅಂದ. ದುಡ್ಡು ತಗೊಳೋ ಮುಂದ ಮೂರೂ ಮಂದಿ ಕೂಡಿ ಒಂದ ಅಂಗಡಿ. ಕೇಳಾಕ ಹೋದ್ರ ಮೂರು ಅಂಗಡಿ, ಮೂರಕ್ಕೂ ಬೀಗ.

ಪ್ರಶ್ನೆ: ಕಾಯ್ದೆ ಏನು ಹೇಳುತ್ತದೆ?

ಪೆಟ್ಟಿಗೆ: ನಾ ಗೋದಾಮಿನಾಗ ಸುಮ್ನ ಕೂತಿಲ್ರಿ, ಓದೀನಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಗೆ ಅಂಗಡಿಗೆ ಹೋಗಿ ಕೊಂಡವನೂ ಗ್ರಾಹಕನ, ಮೊಬೈಲ್ ಒತ್ತಿ ಕೊಂಡವನೂ ಗ್ರಾಹಕನ. ರೊಕ್ಕ ತಗೊಂಡು ಬ್ಯಾರೆ ಊರಿಗೆ ಕೊಟ್ರ ಅದು ಸೇವಾ ನ್ಯೂನತೆ. 2020ರ ಜುಲೈನಾಗ ಇ-ಕಾಮರ್ಸ್ ನಿಯಮ ಬಂದ್ವು. ಪ್ರತಿ ಕಂಪನಿ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ತನ್ನ ತಾಣದಾಗ ಹಾಕಬೇಕು. ದೂರು ಬಂದೈತಂತ 48 ಗಂಟಿಯೊಳಗ ಒಪ್ಪಬೇಕು, ಒಂದು ತಿಂಗಳೊಳಗ ಬಗೆಹರಿಸಬೇಕು. ಹೇಳಿದ ದಿನ ಮೀರಿ ಮಾಲು ಬಂದ್ರ ವಾಪಸ್ ತಗೊಳಾಕ, ದುಡ್ಡು ತಿರುಗಿ ಕೊಡಾಕ ಮಾರಿದವ ಒಲ್ಲೆ ಅನ್ನಂಗಿಲ್ಲ. ತನ್ನ ಕೈಮೀರಿದ ಆಪತ್ತಿನಿಂದ ತಡ ಆಗಿದ್ರ ಆ ಮಾತು ಬ್ಯಾರೆ.

ಪ್ರಶ್ನೆ: ಗಿರಾಕಿಯೇ ಪಿನ್‌ಕೋಡ್ ತಪ್ಪು ಬರೆದಿದ್ದರೆ?

ಪೆಟ್ಟಿಗೆ: ಆಗ ವಾದ ಸಡಿಲ ಆಗತೈತಿ. ಅದಕ್ಕ ಆರ್ಡರ್ ಮಾಡಿದ ಕೂಡ್ಲೆ ವಿಳಾಸ ಕಾಣಂಗ ಸ್ಕ್ರೀನ್‌ಶಾಟ್ ಇಟ್ಕೋಬೇಕು. ನಾಳೆ ಅದ ಸಾಕ್ಷಿ.

ಪ್ರಶ್ನೆ: ‘ದಾವೆ ಏನಿದ್ದರೂ ನಮ್ಮ ಊರಿನ ನ್ಯಾಯಾಲಯದಲ್ಲಿ’ ಎಂದು ಕಂಪನಿಯ ಷರತ್ತಿನಲ್ಲಿ ಇರುತ್ತದಲ್ಲ?

ಪೆಟ್ಟಿಗೆ: ಕಂಪನಿ ಷರತ್ತು ಕಾಯ್ದೆಗಿಂತ ದೊಡ್ಡದೇನ್ರಿ? 2019ರ ಕಾಯ್ದೆಯ 34ನೇ ಕಲಂ ಓದ್ರಿ. ದೂರುದಾರ ಎಲ್ಲಿ ವಾಸ ಮಾಡ್ತಾನ, ಎಲ್ಲಿ ದುಡೀತಾನ, ಅಲ್ಲಿನ ಜಿಲ್ಲಾ ಗ್ರಾಹಕ ಆಯೋಗದಾಗ ದೂರು ಕೊಡಬಹುದು. ಕಲ್ಲೂರು, ಮಾನ್ವಿ, ದೇವದುರ್ಗದವ್ರಿಗೆ ರಾಯಚೂರಿನ ಆಯೋಗ ಐತಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ರ ಶುಲ್ಕ ಒಂದು ಪೈಸಾ ಇಲ್ಲ. ವಕೀಲರು ಬೇಕೇಬೇಕಂತಿಲ್ಲ. ಇ-ಜಾಗೃತಿ ತಾಣದಾಗ ಕೂತಲ್ಲೇ ದೂರು ಹಾಕಬಹುದು. ಕಂಪನಿ ನನ್ನನ್ನ ಸರಿಯಾದ ಊರಿಗೆ ಮುಟ್ಟಿಸಲಿಲ್ಲ, ಕಾಯ್ದೆ ನ್ಯಾಯನ ಸರಿಯಾದ ಜಿಲ್ಲಾಕ್ಕ ಮುಟ್ಟಿಸೈತಿ.

ಪ್ರಶ್ನೆ: ಹೀಗೆ ಗೆದ್ದವರು ಇದ್ದಾರೆಯೆ?

ಪೆಟ್ಟಿಗೆ: ಬೆಂಗಳೂರಾಗ ಒಬ್ಬ ಹೆಣ್ಣುಮಗಳು 2022ರ ಜನವರಿಯೊಳಗ ಫ್ಲಿಪ್‌ಕಾರ್ಟಿನಾಗ 12,499 ರೂಪಾಯಿ ಕೊಟ್ಟು ಮೊಬೈಲ್ ಆರ್ಡರ್ ಮಾಡಿದ್ಲು. ಮೊಬೈಲ್ ಬರಲೇ ಇಲ್ಲ. ಬೆಂಗಳೂರು ನಗರ ಜಿಲ್ಲಾ ಆಯೋಗ ಆ ದುಡ್ಡಿಗೆ ವರ್ಷಕ್ಕ ಶೇ 12ರ ಬಡ್ಡಿ ಸೇರಿಸಿ ಕೊಡ್ರಿ, ಮ್ಯಾಲೆ 20,000 ದಂಡ, 10,000 ಖರ್ಚು ಕೊಡ್ರಿ ಅಂತ ಆದೇಶ ಮಾಡ್ತು. ಮೊಬೈಲಿಗಿಂತ ದಂಡಾನ ದೊಡ್ಡದು! ‘ಸಣ್ಣ ರೊಕ್ಕ, ಹೋಗ್ಲಿ ಬಿಡು’ ಅನ್ನೋರಿಗೆ ಈ ಲೆಕ್ಕ ಹೇಳ್ರಿ. ನಾವು ಬಿಟ್ಟ ಸಣ್ಣ ರೊಕ್ಕನ ಅವರ ದೊಡ್ಡ ಲಾಭ.

ಪ್ರಶ್ನೆ: ಹಾಗಾದರೆ ಎಲ್ಲ ಸುಸೂತ್ರ ಎನ್ನಿ.

ಪೆಟ್ಟಿಗೆ: ಎಲ್ಲಿ ಸುಸೂತ್ರ? ಮೂರು ತಿಂಗಳೊಳಗ ತೀರ್ಪು ಕೊಡಾಕ ಪ್ರಯತ್ನಿಸಬೇಕಂತ ಕಾಯ್ದೆ ಹೇಳತೈತಿ, ವಾಯಿದೆ ಮ್ಯಾಲೆ ವಾಯಿದೆ ಬೀಳೋದು ನಿಂತಿಲ್ಲ. ನನ್ನೊಳಗ ಇರೋದು ಔಷಧ ಹೊಡಿಯೋ ಪಂಪು. ‘ಸ್ವಲ್ಪ ತಡಿ, ಪಂಪು ಗುಬ್ಬಿಯಾಗ ಐತಿ’ ಅಂತ ಗುಲಾಬಿ ಕಾಯಿಕೊರಕಕ್ಕ ಯಾರು ಹೇಳ್ಬೇಕು? ಕಂಪನಿ ಪಂಪಿನ ಬೆಲಿ ತಿರುಗಿ ಕೊಟ್ರ ದೊಡ್ಡ ಉಪಕಾರ ಮಾಡಿದಂಗ ಮಾತಾಡತೈತಿ. ಹುಳ ತಿಂದ ಕಾಯಿ ಲೆಕ್ಕ ಯಾರ ಖಾತೆಗೆ? ಆಯೋಗ ನಷ್ಟ ಪರಿಹಾರನೂ ಕೊಡಿಸಬಹುದು, ಆದ್ರ ನಷ್ಟಕ್ಕ ಪುರಾವೆ ಬೇಕು. ಹೊಲದ ಫೋಟೊ, ಬೇರೆ ಪಂಪು ಬಾಡಿಗಿ ತಂದ ರಸೀದಿ, ಎಲ್ಲಾ ಇಡ್ರಿ.

ಪ್ರಶ್ನೆ: ಓದುಗರಿಗೆ ಕೊನೆಯ ಮಾತು?

ಪೆಟ್ಟಿಗೆ: ಪೆಟ್ಟಿಗಿ ಕೈಗೆ ಬಂದ ಮ್ಯಾಲೆ ಓಟಿಪಿ ಹೇಳ್ರಿ, ಫೋನಿನಾಗ ಬ್ಯಾಡ. ದೂರು ಬಾಯಲ್ಲಿ ಹೇಳಿ ಬಿಡಬ್ಯಾಡ್ರಿ; ಬರದು ಕಳಸ್ರಿ, ದೂರಿನ ನಂಬರ್ ಇಟ್ಕೊಳ್ರಿ. ಕಂಪನಿ ಕಿವಿಗೊಡದಿದ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಕರೆ ಮಾಡ್ರಿ, ಕನ್ನಡದಾಗ ಮಾತಾಡ್ರಿ. ಅಲ್ಲೂ ಆಗಲಿಲ್ಲಂದ್ರ ರಾಯಚೂರಿನ ಜಿಲ್ಲಾ ಆಯೋಗ ಐತಿ. ತಪ್ಪು ನಡೆದ ದಿನದಿಂದ ಎರಡು ವರ್ಷದೊಳಗ ದೂರು ಹಾಕಬೇಕು, ಅಷ್ಟು ನೆನಪಿಡ್ರಿ.