ಎರಡು ಬುಟ್ಟಿ, ಒಂದು ಚೀಲ

ಬೆಂಗಳೂರಿನಲ್ಲಿ ಪರಹಿತದ ನಿತ್ಯಾಭ್ಯಾಸಕ್ಕೆ ಗೊತ್ತುಮಾಡಿದ ಜಾಗ ಅಡುಗೆಮನೆಯ ಸಿಂಕಿನ ಕೆಳಗಿದೆ. ಅಲ್ಲಿ ಹಸಿರು ಬುಟ್ಟಿ, ಕೆಂಪು ಬುಟ್ಟಿ ಮತ್ತು ಒಂದು ಚೀಲ ಇರತಕ್ಕದ್ದೆಂದು 2015ರಲ್ಲಿ ಹೈಕೋರ್ಟ್ ಹೇಳಿತು. ಹಸಿರಿಗೆ ಹಸಿ ಕಸ, ಕೆಂಪಿಗೆ ಡೈಪರ್, ಪ್ಯಾಡುಗಳಂಥವು, ಚೀಲಕ್ಕೆ ಒಣ ಕಸ. ಮರುವರ್ಷ ಬಂದ ದೇಶದ ಘನತ್ಯಾಜ್ಯ ನಿಯಮಗಳೂ ಮೂರು ಪಾಲನ್ನೇ ಕೇಳಿದವು. ಅಜ್ಜನ ಆಸ್ತಿಯ ಪಾಲಿಗೆ ಮೂವತ್ತು ವರ್ಷ ಕೋರ್ಟು ಹತ್ತಿದ ಮನೆತನಗಳೂ ಈ ಪಾಲನ್ನು ದಿನಾ ಬೆಳಗ್ಗೆ ಕಸದ ಆಟೊ ಬರುವುದರೊಳಗೆ ಮುಗಿಸಬೇಕು.

ವ್ಯಾಜ್ಯಗಳು ಇಲ್ಲೂ ಇವೆ. ಟೀ ಚರಟ ಹಸಿ ಕಸ, ಸರಿ. ಟೀ ಬ್ಯಾಗಿನ ದಾರಕ್ಕೆ ಹೊಡೆದ ಪಿನ್ನು ಯಾವ ಪಂಗಡ? ಎಣ್ಣೆ ಕುಡಿದ ಬಜ್ಜಿ ಪೊಟ್ಟಣದ ಕಾಗದ? ಹಾಲಿನ ಪ್ಯಾಕೆಟ್ಟು ಒಣ ಕಸವೇ, ಆದರೆ ತೊಳೆದು ಒಣಗಿಸಿದ ಮೇಲೆ. ಅದರ ಮೂಲೆಯನ್ನು ಪೂರ್ತಿ ಕತ್ತರಿಸಬಾರದು. ಆ ಉಗುರಗಲದ ಚೂರನ್ನು ಯಾರೂ ಆಯಲಾರರು, ಅದು ಚರಂಡಿ ಸೇರುತ್ತದೆ. ಪ್ಯಾಕೆಟ್ಟುಗಳನ್ನು ಬಟ್ಟೆಯ ತಂತಿಗೆ ಕ್ಲಿಪ್ಪು ಹಾಕಿ ಒಣಗಿಸುವ ಗೃಹಸ್ಥನನ್ನು ಕಂಡು ಪಕ್ಕದ ಮನೆಯವರು ನಗುತ್ತಾರೆ. ನಗುವವರ ಚೀಲ ಮೂರನೆಯ ದಿನಕ್ಕೆ ನಾರುತ್ತದೆ.

ಇಷ್ಟೆಲ್ಲ ಯಾಕೆಂದರೆ, ಮನೆಯಲ್ಲಿ ಬೇರೆಯಾಗದ ಕಸವನ್ನು ಇನ್ನೊಬ್ಬರು ಬರಿಗೈಯಲ್ಲಿ ಬೇರೆ ಮಾಡುತ್ತಾರೆ. ಚಿಂದಿ ಆಯುವವರಿಗೆ ಪಾಲಿಕೆ 2011ರಲ್ಲಿ ಗುರುತಿನ ಚೀಟಿ ಕೊಡತೊಡಗಿತು. ಗುರುತು ಸಿಕ್ಕಿದ ಮಾತ್ರಕ್ಕೆ ಗಾಜು ಚುಚ್ಚುವುದು ನಿಲ್ಲುವುದಿಲ್ಲ. ಆಯದೆ ಉಳಿದದ್ದು ಊರಾಚೆಗೆ ಹೋಗುತ್ತದೆ. ಗಾಳಿಯಾಡದೆ ರಾಶಿಬಿದ್ದು ಕೊಳೆಯುವ ಹಸಿ ಕಸದಿಂದ ಮೀಥೇನ್ ಏಳುತ್ತದೆ, ಕೆಳಗೆ ಸೋರುವ ಕಪ್ಪು ರಸ ಅಂತರ್ಜಲ ಕೆಡಿಸುತ್ತದೆ. ನಗರದ ಕಸ ಬೀಳುತ್ತಿದ್ದ ಮಾವಳ್ಳಿಪುರದವರು ಸಾಕೆಂದರು, 2012ರಲ್ಲಿ ಅಲ್ಲಿ ಸುರಿಯುವುದು ನಿಂತಿತು. ಮಂಡೂರಿನವರು 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತರು. ಲಾರಿಗಳು ಬೇರೆ ಹಳ್ಳಿಗಳ ಕಲ್ಲುಕ್ವಾರಿಗಳತ್ತ ತಿರುಗಿದವು. ನಗರದವರಿಗೆ ಆ ಊರುಗಳ ಹೆಸರು ಗೊತ್ತಾಗುವುದೇ ಗಲಾಟೆಯಾದಾಗ.

ಆಟೊ ತಪ್ಪಿಸಿಕೊಂಡವರಿಗೆ ರಸ್ತೆಯ ತಿರುವಿನಲ್ಲಿ ಕಸ ರಾಶಿಬೀಳುವ 'ಬ್ಲ್ಯಾಕ್ ಸ್ಪಾಟ್' ಇದೆ. ಸ್ಕೂಟರಿನ ವೇಗ ತಗ್ಗಿಸದೆ, ತಿರುಗಿಯೂ ನೋಡದೆ ಎಡಗೈಯಿಂದ ಪೊಟ್ಟಣ ಬೀಸುವ ಇವರ ಕೌಶಲ ಕ್ರಿಕೆಟ್ ತಂಡದ ಆಯ್ಕೆಗಾರರ ಕಣ್ಣಿಗೆ ಬಿದ್ದಿಲ್ಲ. ಹೆಲ್ಮೆಟ್ ಮಾತ್ರ ತಪ್ಪದೆ ಹಾಕಿರುತ್ತಾರೆ, ಮುಖ ಕಾಣಬಾರದಲ್ಲ! ಇವರನ್ನು ತಡೆಯಲೆಂದು ಅಂಥ ಕಡೆ ಕೆಲವರು ರಂಗೋಲಿ ಬಿಡಿಸುತ್ತಾರೆ, ಗೋಡೆಗೆ ದೇವರ ಪಟ ಅಂಟಿಸುತ್ತಾರೆ. ಭಕ್ತರು ಭಯಭಕ್ತಿಯಿಂದ ಹತ್ತು ಅಡಿ ಮುಂದೆ ಹೋಗಿ ಎಸೆಯುತ್ತಾರೆ.

ಆಯುಧಪೂಜೆಯ ಸಂಜೆ ಈ ಶಾಸ್ತ್ರ ಉತ್ತುಂಗ ಮುಟ್ಟುತ್ತದೆ. ತನ್ನ ಗಾಡಿಗೆ ದೃಷ್ಟಿ ತಾಗದಿರಲೆಂದು ಮಾಲೀಕ ಕುಂಕುಮ ತುಂಬಿದ ಬೂದುಗುಂಬಳವನ್ನು ನಡುರಸ್ತೆಯಲ್ಲಿ ಒಡೆಯುತ್ತಾನೆ. ಅದರ ಮೇಲೆ ಜಾರಿ ಬೀಳುವುದು ಹಿಂದೆ ಬಂದ ಬೈಕು. ದೃಷ್ಟಿ ನಿವಾರಣೆಯಾಗಿಲ್ಲ, ಬರೀ ಮಾಲೀಕರು ಬದಲಾಗಿದ್ದಾರೆ. ಒಡೆದ ಹೋಳುಗಳನ್ನು ಬದಿಗೆ ಸರಿಸಲು ಅರ್ಧ ನಿಮಿಷ ಸಾಕು, ಆದರೆ ಪೂಜಾವಿಧಿಯಲ್ಲಿ ಅದಕ್ಕೆ ಮಂತ್ರವಿಲ್ಲ.

ಮನೆಯಲ್ಲಿ ಲೋಟ ಒಡೆದರೆ ಚೂರುಗಳನ್ನು ಹಳೆಯ ಪತ್ರಿಕೆಯಲ್ಲಿ ದಪ್ಪಗೆ ಸುತ್ತಿ, ಮೇಲೆ ದೊಡ್ಡದಾಗಿ 'ಗಾಜು' ಎಂದು ಬರೆದು, ಆಟೊದವರಿಗೆ ಹೇಳಿಯೇ ಕೊಡಿ.