ಸ್ವಲ್ಪ ಸುಧಾರಿಸಿದೆ

ನಾನು ಲೀಡ್ ಆದದ್ದು ಮೆಟ್ಟಿಲ ಮೇಲೆ. ಎಚ್‌ಎಸ್‌ಆರ್ ಲೇಔಟಿನ ನಮ್ಮ ಆಫೀಸಿನಲ್ಲಿ ಇದ್ದದ್ದೇ ಎರಡು ಮೀಟಿಂಗ್ ರೂಮು. ಒಂದರಲ್ಲಿ ಹೂಡಿಕೆದಾರರು ಕೂತಿದ್ದರು, ಇನ್ನೊಂದರಲ್ಲಿ ಏಸಿ ಬಿಚ್ಚಿ ಹರವಿಕೊಂಡು ಮೆಕ್ಯಾನಿಕ್ಕು ಕೂತಿದ್ದ. ಹಾಗಾಗಿ ನಮ್ಮ ಸಂಸ್ಥಾಪಕ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನನ್ನನ್ನು ತಡೆದು ನಿಲ್ಲಿಸಿದ. ನನಗಿಂತ ನಾಲ್ಕು ವರ್ಷ ಚಿಕ್ಕವನು, ನನ್ನನ್ನು ಹೋಗೋ ಬಾರೋ ಎನ್ನುವಷ್ಟು ದೊಡ್ಡವನು. "ಗುರು, ಇವತ್ತಿನಿಂದ ನೀನೇ ಲೀಡ್" ಎಂದ. ಹಿಂದಿನ ಲೀಡ್ ಅವತ್ತು ಬೆಳಿಗ್ಗೆ ತಾನೇ ಲ್ಯಾಪ್‌ಟಾಪ್ ಒಪ್ಪಿಸಿ ಹೋಗಿದ್ದ.

"ನಾನ್ಯಾಕೆ?" ಎಂದೆ.

"ಎಲ್ಲರಿಗಿಂತ ಚೆನ್ನಾಗಿ ಕೋಡ್ ಬರೀತೀಯಲ್ಲ, ಅದಕ್ಕೆ."

ಎಲ್ಲಕ್ಕಿಂತ ಚೆನ್ನಾಗಿ ಹಾಲು ಕೊಡುತ್ತದೆ ಎಂದು ಹಸುವನ್ನೇ ಡೈರಿಯ ಕಾರ್ಯದರ್ಶಿ ಮಾಡಿದ ಹಾಗಾಯಿತು. ಆದರೆ ಯಾವ ಹಸು ತಾನೇ ಬೇಡ ಅಂದೀತು? ಸಂಬಳವೇನೂ ಏರಲಿಲ್ಲ, ಇಸಾಪ್ ಸಿಕ್ಕಿತು. ಅಂದರೆ ಕಂಪನಿಯ ಷೇರು ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ನಮ್ಮದಾಗುವ ಏರ್ಪಾಡು. ಮೊದಲ ವರ್ಷ ತುಂಬುವ ಮುಂಚೆ ಬಿಟ್ಟು ಹೋದರೆ ಚಿಕ್ಕಾಸೂ ಇಲ್ಲ. ಆ ಒಂದು ವರ್ಷಕ್ಕೆ 'ಕ್ಲಿಫ್', ಅಂದರೆ ಪ್ರಪಾತದ ಅಂಚು, ಎಂದು ಹೆಸರಿಟ್ಟ ಪುಣ್ಯಾತ್ಮ ನಿಜಕ್ಕೂ ಪ್ರಾಮಾಣಿಕ. ಮನೆಗೆ ಬಂದು ಹೆಂಡತಿಗೆ ಪತ್ರ ತೋರಿಸಿದೆ. ಪೂರ್ತಿ ಓದಿ, "ಇದನ್ನ ಹಾಲಿನವನು ತಗೋತಾನಾ?" ಎಂದಳು.

ತಿಪಟೂರಿನಿಂದ ಅಪ್ಪ ಫೋನ್ ಮಾಡಿದರು. "ಲೀಡ್ ಅಂದ್ರೆ ಏನೋ?"

"ಆರು ಜನ ಕೆಲಸ ಮಾಡ್ತಾರಪ್ಪ. ನಾನು ನೋಡ್ಕೋಬೇಕು."

"ಮೇಸ್ತ್ರಿ ಅನ್ನು."

ಅಪ್ಪನ ಬಾಯಲ್ಲಿ ಇದು ಹೊಗಳಿಕೆಯೋ ತೆಗಳಿಕೆಯೋ ಹೇಳುವುದು ಕಷ್ಟ. ನಮ್ಮ ಮನೆ ಕಟ್ಟುವಾಗ ಬಂದಿದ್ದ ಮೇಸ್ತ್ರಿ ಇಡೀ ದಿನ ಮರಳಿನ ಗುಡ್ಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಆಗಾಗ ಎದ್ದು ಬಂದು, ಒಂದು ಕಣ್ಣು ಮುಚ್ಚಿ ಗೋಡೆ ನೋಡಿ, ರಸಮಟ್ಟ ಇಟ್ಟು, "ಮೂರು ವರಸೆ ಕಿತ್ತಾಕ್ರೋ" ಎಂದು ಮತ್ತೆ ಹೋಗಿ ಕೂರುತ್ತಿದ್ದ. ಕರಣೆ ಮುಟ್ಟಿದ್ದನ್ನು ನಾನು ನೋಡಿಲ್ಲ. ಶನಿವಾರದ ಬಟವಾಡೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೂಲಿ ಅವನಿಗೇ ಎಂಬುದು ಅಪ್ಪನಿಗೆ ಇವತ್ತಿಗೂ ಆರದ ಹೊಟ್ಟೆಯುರಿ.

ನಮ್ಮ ಕಂಪನಿಯದು ನೀರಿನ ವ್ಯಾಪಾರ. ಅಪಾರ್ಟ್‌ಮೆಂಟುಗಳಿಗೆ ಆ್ಯಪ್ ಮೂಲಕ ಟ್ಯಾಂಕರ್ ಕಳಿಸುವುದು. ನಾನು ಪಟ್ಟಕ್ಕೇರಿದ್ದು 2024ರ ಬೇಸಿಗೆಯಲ್ಲಿ, ಬೆಂಗಳೂರಿನ ಬೋರ್‌ವೆಲ್ಲುಗಳು ಸಾಲಾಗಿ ಕೈಕೊಟ್ಟಿದ್ದ ಕಾಲದಲ್ಲಿ. ಮಾರ್ಚಿನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು: 5 ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ಸರ್ಕಾರ ಒಂದು ಆದೇಶ ಹೊರಡಿಸಿದರೆ ನಮ್ಮಲ್ಲಿ ಹದಿನಾಲ್ಕು ಫೈಲು ತಿದ್ದಬೇಕು. ಅಂಥ ಗಡಿಬಿಡಿಯಲ್ಲಿ ಆರು ಮಕ್ಕಳಿಗೆ ಕೆಲಸ ಹಂಚಿ, ಅವರು ಮಾಡುವ ತನಕ ಕೈಕಟ್ಟಿ ಕೂರುವುದು ನನ್ನಿಂದಾಗುವ ಮಾತಾಗಿರಲಿಲ್ಲ. ಹಗಲು ಹಂಚಿದೆ. ರಾತ್ರಿ ಮನೆಯಲ್ಲಿ ಊಟ ಮುಗಿಸಿ, ಅವರು ಬರೆದದ್ದನ್ನೆಲ್ಲ ತೆಗೆದು ನಾನೇ ಬರೆದೆ.

ಹುಬ್ಬಳ್ಳಿಯ ಹುಡುಗನೊಬ್ಬನಿದ್ದ. ಎರಡೇ ಬೆರಳಲ್ಲಿ ಟೈಪ್ ಮಾಡುವವನು. ಮಾರನೆಯ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಸರ್, ನಾ ನಿನ್ನೆ ಬರೆದಿದ್ದು ಎಲ್ಲಿ ಹೋತ್ರೀ?"

"ಸ್ವಲ್ಪ ಸುಧಾರಿಸಿದೆ."

"ಸ್ವಲ್ಪ ಅಂದ್ರ... ಫೈಲಿನ ತಲೀಮ್ಯಾಲ ನನ್ನ ಹೆಸರೊಂದ ಉಳದೈತಲ್ರೀ."

ವ್ಯಂಗ್ಯವಿರಲಿಲ್ಲ ಅವನ ದನಿಯಲ್ಲಿ. ಬರೀ ಲೆಕ್ಕ ಒಪ್ಪಿಸಿದ. ವಾರ ಕಳೆಯುವುದರಲ್ಲಿ ಅವನ ಕೋಡು ಸೊರಗತೊಡಗಿತು. ಯಾಕೆಂದು ಗದರಿದರೆ, "ಹೆಂಗೂ ನೀವು ರಾತ್ರಿ ಬರೀತೀರಲ್ರೀ" ಎಂದ. ಅವನ ತಪ್ಪೇನಿಲ್ಲ. ಅತ್ತೆ ಮತ್ತೆ ತಿಕ್ಕುತ್ತಾರೆ ಎಂದು ಗೊತ್ತಿದ್ದರೆ ಯಾರು ತಾನೇ ಪಾತ್ರೆಯ ತಳ ತಿಕ್ಕುತ್ತಾರೆ?

ಬೆಳಗಿನ ಸ್ಟ್ಯಾಂಡಪ್ ಬಗ್ಗೆಯೂ ಒಂದು ಮಾತು. ನಿಂತೇ ಮಾತಾಡಬೇಕು, 15 ನಿಮಿಷದಲ್ಲಿ ಮುಗಿಸಬೇಕು, ಕಾಲು ನೋವಿಗೆ ಹೆದರಿ ಬಾಯಿ ಚಿಕ್ಕದಾಗುತ್ತದೆ ಎಂಬುದು ಇದರ ತತ್ತ್ವ. ಬಿಎಂಟಿಸಿಯಲ್ಲಿ ಸಿಲ್ಕ್ ಬೋರ್ಡ್ ದಾಟಿಕೊಂಡು ಬಂದವರಿಗೆ ನಿಲ್ಲುವುದು ಒಂದು ಶಿಕ್ಷೆಯೇ? ನಮ್ಮದು 50 ನಿಮಿಷ ನಡೆಯುತ್ತಿತ್ತು. ಅದರಲ್ಲಿ 35 ನಿಮಿಷ ನನ್ನವು.

ಇಷ್ಟರಲ್ಲಿ ಕೆಲಸ ಮೂರು ವಾರ ಹಿಂದೆ ಬಿತ್ತು. "ಇನ್ನೂ ನಾಲ್ಕು ಜನ ಕೊಡ್ತೀನಿ, ಮುಗಿಸು" ಎಂದ ಸಂಸ್ಥಾಪಕ. ನಾನು ಆಗ ಪುಸ್ತಕ ಓದಿ ನಾಯಕನಾಗುವ ಘಟ್ಟದಲ್ಲಿದ್ದೆ. ಐಬಿಎಂನಲ್ಲಿ ಓಎಸ್/360 ಎಂಬ ದೈತ್ಯವನ್ನು ಪಳಗಿಸಿದ ಫ್ರೆಡ್ ಬ್ರೂಕ್ಸ್, ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಬರೆದಿದ್ದಾನೆ ಅಂದೆ.

"ಯಾವಾಗ ಬರೆದದ್ದು?"

"1975."

"ಆಗ ನಮ್ಮಪ್ಪನಿಗೇ ಮದುವೆ ಆಗಿರಲಿಲ್ಲ ಗುರು."

ನಾಲ್ವರೂ ಸೋಮವಾರ ಬಂದರು. ಬ್ರೂಕ್ಸನ ಲೆಕ್ಕ ಸರಳ. ಏಳು ಜನರಿದ್ದರೆ ಇಬ್ಬಿಬ್ಬರ ನಡುವಿನ ಮಾತುಕತೆಯ ದಾರಿಗಳು 21. ಹನ್ನೊಂದು ಜನವಾದರೆ 55. ಐವತ್ತೈದು ದಾರಿಯಲ್ಲೂ ಜನ ನನ್ನ ಹತ್ತಿರವೇ ಬಂದು, "ಪಾಸ್‌ವರ್ಡ್ ಏನು?" ಎಂದು ಕೇಳುತ್ತಿದ್ದರು.

ಮುಂದಿನ ಪುಸ್ತಕ ಇಂಟೆಲ್‌ನ ಆ್ಯಂಡಿ ಗ್ರೋವ್ ಬರೆದದ್ದು, 1983ರದು. ಕೈಕೆಳಗಿನ ಒಬ್ಬೊಬ್ಬರ ಜೊತೆಗೂ ಆಗಾಗ ಒಂಟಿಯಾಗಿ ಕೂತು ಮಾತಾಡಬೇಕು, ಆದರೆ ಅದು ಅವರ ಸಭೆ, ವಿಷಯ ಎತ್ತಬೇಕಾದವರು ಅವರು ಎನ್ನುತ್ತಾನೆ. ಇದಕ್ಕೆ ಒನ್ ಆನ್ ಒನ್ ಎಂದು ಹೆಸರು. ರೂಮುಗಳಲ್ಲಿ ಎಂದಿನಂತೆ ಹೂಡಿಕೆದಾರರೂ ಮೆಕ್ಯಾನಿಕ್ಕೂ ಇದ್ದುದರಿಂದ, ಮಂಗಳೂರಿನ ಹುಡುಗಿಯೊಬ್ಬಳನ್ನು ಕೆಳಗಿನ ದರ್ಶಿನಿಗೆ ಕರೆದುಕೊಂಡು ಹೋದೆ. ಒನ್ ಆನ್ ಒನ್‌ಗೆ ತಕ್ಕದ್ದು ಬೈ ಟು. ಸ್ಟೀಲಿನ ಎತ್ತರದ ಮೇಜಿನ ಆಚೆ ಅವಳು, ಈಚೆ ನಾನು, ನಡುವೆ ಎರಡು ಅರ್ಧ ಲೋಟ ಕಾಫಿ. ಅವಳೇ ಶುರು ಮಾಡಲಿ ಎಂದು ಬಾಯಿ ಬಿಗಿಹಿಡಿದು ನಿಂತೆ. ಹದಿನಾರು ವರ್ಷದ ನೌಕರಿಯಲ್ಲಿ ಅಷ್ಟು ಹೊತ್ತು ಸುಮ್ಮನಿದ್ದ ನೆನಪು ನನಗಿಲ್ಲ. ಪಕ್ಕದವರು ಒಂದು ಸೆಟ್ ದೋಸೆ ಮುಗಿಸಿ ಕೈ ತೊಳೆದುಕೊಂಡು ಬಂದರು. ಕಾಫಿಯ ಮೇಲೆ ಕೆನೆ ಕಟ್ಟಿತು.

ಕೊನೆಗೆ ಅವಳು, "ಒಂದು ಹೇಳ್ಬಹುದಾ ಸರ್?" ಎಂದಳು. "ನಾನು ಏನಾದ್ರೂ ಕೇಳ್ಲಿಕ್ಕೆ ಬಂದ ಕೂಡ್ಲೇ ನೀವೊಂದು ಉಸಿರು ಬಿಡ್ತೀರಿ."

"ಉಸಿರಾ?"

"ಹೌದು, ಉದ್ದದ್ದು. ಬಿಟ್ಟಾದ ಮೇಲೆ 'ಹೇಳಮ್ಮ' ಅಂತೀರಿ. ಅಷ್ಟೊತ್ತಿಗೆ ನಂಗೆ ಕೇಳುದೇ ಮರ್ತು ಹೋಗಿರ್ತದೆ."

ನಾನು ಹಾಗೆಲ್ಲ ಮಾಡುವವನಲ್ಲ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಉಸಿರು. ಉದ್ದದ್ದು. ಅವಳು ನಕ್ಕ ರಭಸಕ್ಕೆ ಅರ್ಧ ಲೋಟದಲ್ಲಿ ಅರ್ಧ ಮೇಜಿನ ಮೇಲೆ ಚೆಲ್ಲಿತು.

ಇಷ್ಟಾದರೂ ನನಗೆ ಪೂರ್ತಿ ಬುದ್ಧಿ ಬರಲು ಒಂದು ಶುಕ್ರವಾರ ಬೇಕಾಯಿತು. ಏಪ್ರಿಲ್ ಕೊನೆಯದು. ಅಂದು ಸಂಜೆ 'ದಿನಾ ಟ್ಯಾಂಕರ್' ಎಂಬ ಹೊಸ ಸೌಲಭ್ಯ ಬಿಟ್ಟೆವು. ಒಂದು ಸಲ ಸಮಯ ಹೇಳಿದರೆ ಸಾಕು, ದಿನಾ ಬೆಳಿಗ್ಗೆ ನೀರು ಬಾಗಿಲಿಗೆ. ಶುಕ್ರವಾರ ಸಂಜೆ ಹೊಸದೇನನ್ನೂ ಬಿಡಬಾರದು ಎಂಬುದು ನಮ್ಮ ಕಸುಬಿನಲ್ಲಿ ಅಮಾವಾಸ್ಯೆಯ ಹಾಗೆ ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಲೀಡ್, ಬಿಟ್ಟೆ.

ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಫೋನು. ಅಪಾರ್ಟ್‌ಮೆಂಟ್ ಸಂಘವೊಂದರ ಕಾರ್ಯದರ್ಶಿ. "ಏನ್ರೀ ಸ್ವಾಮಿ, ಟ್ಯಾಂಕರ್ ಬಂದು ಹಾರ್ನ್ ಹೊಡೀತಾ ಇದೆ. ಸಂಪಿನ ಮುಚ್ಚಳದ ಮೇಲೆ ಯಾರದೋ ಕಾರು ನಿಂತಿದೆ. ಇಡೀ ಬ್ಲಾಕು ಎದ್ದು ಕೂತಿದೆ." ಅವರ ಹಿಂದೆ ನಾಯಿ, ಮಗು, ಹಾರ್ನು ಮೂರೂ ಕೇಳಿಸುತ್ತಿದ್ದವು. ಆಮೇಲೆ ಇನ್ನೊಬ್ಬ ಕಾರ್ಯದರ್ಶಿ. ಆಮೇಲೆ ಇಬ್ಬರು ಒಟ್ಟಿಗೆ.

ಬೆಳಿಗ್ಗೆ ಆರಕ್ಕೆ ಬರಬೇಕಾದ ಟ್ಯಾಂಕರುಗಳೆಲ್ಲ ನಡುರಾತ್ರಿ ಹನ್ನೆರಡೂವರೆಗೆ ಬಂದಿದ್ದವು. ಐದೂವರೆ ಗಂಟೆಯ ವ್ಯತ್ಯಾಸ ಕಂಡ ಕೂಡಲೇ ನಮ್ಮ ಕಸುಬಿನವರಿಗೆ ರೋಗ ಗೊತ್ತಾಗುತ್ತದೆ. ನಮ್ಮ ಸರ್ವರಿನ ಗಡಿಯಾರ ಗ್ರೀನಿಚ್ಚಿನದು, ನಮ್ಮ ಸಂಪಿನ ಗಡಿಯಾರ ಭಾರತದ್ದು. ನಡುವೆ ಲೆಕ್ಕ ಹಾಕುವ ಎರಡು ಸಾಲನ್ನು ಯಾರೋ ಕಿತ್ತು ಹಾಕಿದ್ದರು.

ಯಾರು? ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಹುಟ್ಟುಹಾಕಿದ ಗಿಟ್‌ನಲ್ಲಿ ಇದರ ಜಾಡು ಹಿಡಿಯಲು ಆಜ್ಞೆಯೊಂದಿದೆ. ಫೈಲಿನಲ್ಲಿ ಉಳಿದಿರುವ ಒಂದೊಂದು ಸಾಲನ್ನೂ ಕೊನೆಯದಾಗಿ ಯಾರು, ಯಾವಾಗ ಮುಟ್ಟಿದರೆಂದು ತೋರಿಸುತ್ತದೆ. ಅದರ ಹೆಸರೇ 'ಬ್ಲೇಮ್'. ಹತ್ತೂ ಜನ ಕಾಲ್ ಮೇಲೆ ಬಂದಿದ್ದರು. ಇಂಥ ಹೊತ್ತಿನಲ್ಲಿ ಯಾರನ್ನೂ ದೂರಬಾರದು, ತಪ್ಪು ವ್ಯವಸ್ಥೆಯದು, ವ್ಯಕ್ತಿಯದಲ್ಲ ಎಂದು ಗಂಭೀರವಾದ ನಾಲ್ಕು ಮಾತಾಡಿ, ಕಣ್ಣಲ್ಲಿ ಮಾತ್ರ ಹುಬ್ಬಳ್ಳಿ ಹುಡುಗನನ್ನು ಹುಡುಕುತ್ತ, ಆಜ್ಞೆ ಕೊಟ್ಟೆ.

ಕಿತ್ತ ಜಾಗದ ಸುತ್ತಲಿನ ಸಾಲುಗಳ ಎದುರು ನನ್ನ ಹೆಸರು ಬಂತು. ಪಕ್ಕದಲ್ಲಿ ತಾರೀಖು, ರಾತ್ರಿ 11:52, ಮತ್ತು ನಾನೇ ಬರೆದ ಟಿಪ್ಪಣಿ: 'ಅನಗತ್ಯ ಸಾಲು ತೆಗೆದಿದ್ದೇನೆ'. ಅಷ್ಟು ದಿನ ಮೂಲೆಯಲ್ಲಿ ಮಲಗಿದ್ದ ಆ ಫೈಲನ್ನು ಎಬ್ಬಿಸಿದ್ದು ಅವತ್ತಿನ ಹೊಸ ಸೌಲಭ್ಯ. ಹುಡುಗನ ಮೂಲ ಕೋಡಿನಲ್ಲಿ ಎರಡೂ ಸಾಲು ಸರಿಯಾಗಿ, ಅದಕ್ಕೊಂದು ಟಿಪ್ಪಣಿ ಸಮೇತ ಇದ್ದವು.

ಟೊಯೋಟಾದವರು ಕಲಿಸಿದ ಪದ್ಧತಿ ಒಂದಿದೆ. ಏನೇ ಕೆಟ್ಟರೂ 'ಯಾಕೆ' ಎಂದು ಐದು ಸಲ ಕೇಳುತ್ತ ಬುಡಕ್ಕೆ ಹೋಗಬೇಕು. ಹಿಂದೆಲ್ಲ ಎರಡನೆಯ ಯಾಕೆಗೇ ಆಕಳಿಸುತ್ತಿದ್ದ ನನ್ನ ತಂಡ ಅವತ್ತು ರಾತ್ರಿ ಒಂದೂಕಾಲಿಗೆ ಐದನ್ನೂ ಕೇಳಿತು. ಮಂಗಳೂರು ಹುಡುಗಿ ಆರನೆಯದನ್ನೂ ಕೇಳಿದಳು.

"ನೀನೇ ಸರಿಮಾಡಪ್ಪ" ಎಂದೆ ಹುಬ್ಬಳ್ಳಿ ಹುಡುಗನಿಗೆ. ಅವನು ಪರದೆ ಹಂಚಿಕೊಂಡ. ಎರಡು ಬೆರಳಲ್ಲಿ ಕುಟ್ಟತೊಡಗಿದ. ಒಂದು ಅಕ್ಷರ ಬಿಟ್ಟ, ಹಿಂದೆ ಹೋದ, ಅಳಿಸಿದ, ಯೋಚಿಸಿದ. ಎರಡು ಸಾಲನ್ನು ನಾನು ಅರ್ಧ ನಿಮಿಷದಲ್ಲಿ ಬರೆದು ಬಿಸಾಕುತ್ತಿದ್ದೆ. ಎರಡೂ ಅಂಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಮರಳಿನ ಗುಡ್ಡೆಯ ಮೇಲೆ ಕೂತ ಆ ಮೇಸ್ತ್ರಿ ಬೀಡಿ ಸೇದುತ್ತಿದ್ದದ್ದು ಚಟಕ್ಕಲ್ಲ, ಕೈಗೆ ಕೆಲಸ ಕೊಡಲಿಕ್ಕಿರಬೇಕು ಎಂದು ಆಗ ಹೊಳೆಯಿತು. ಹುಡುಗ ಎರಡು ಸಾಲಲ್ಲ, ಆರು ಸಾಲು ಬರೆದ. ಉಳಿದ ನಾಲ್ಕು ಪರೀಕ್ಷೆಯ ಸಾಲು. ಇನ್ನೊಮ್ಮೆ ಯಾರಾದರೂ ಆ ಎರಡನ್ನು ತೆಗೆದರೆ ಕೂಡಲೇ ಬೊಬ್ಬೆ ಹೊಡೆಯಲಿಕ್ಕೆ. ಯಾರಾದರೂ ಎಂದರೆ ಯಾರು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ತಂಡ ಎರಡು ಭಾಗವಾಗಿದೆ. ಒಂದಕ್ಕೆ ಅವನೇ ಲೀಡ್. ಮೆಟ್ಟಿಲ ಮೇಲೆ ಹೇಳುವುದು ಬೇಡವೆಂದು ದರ್ಶಿನಿಗೆ ಕರೆದುಕೊಂಡು ಹೋಗಿ ಹೇಳಿದೆ. ಕೆಲಸ ಹಂಚು, ಕೀಬೋರ್ಡಿನಿಂದ ಕೈ ದೂರ ಇಡು, ರಾತ್ರಿ ಹೊತ್ತು ಇನ್ನೊಬ್ಬರ ಫೈಲು ತೆರೆಯಬೇಡ ಎಂದೆಲ್ಲ ವಿಸ್ತಾರವಾಗಿ ಉಪದೇಶ ಮಾಡಿದೆ. "ಹೂನ್ರೀ, ಹೂನ್ರೀ" ಎಂದು ತಲೆಯಾಡಿಸಿ, ಬೈ ಟು ಬಿಲ್ಲು ಅವನೇ ಕೊಟ್ಟ.

ಮೊನ್ನೆ ರಾತ್ರಿ ಒಂದರ ಸುಮಾರಿಗೆ ನೋಡುತ್ತೇನೆ, ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ. ತೆರೆದುಕೊಂಡಿರುವುದು ಹೊಸದಾಗಿ ಸೇರಿದ ಹುಡುಗನ ಫೈಲು. ಫೋನ್ ಮಾಡಿದೆ.

"ಏನಯ್ಯಾ ಮಾಡ್ತಿದ್ದೀಯ ಈ ಹೊತ್ತಲ್ಲಿ?"

"ಏನಿಲ್ರೀ ಸರ್, ಸ್ವಲ್ಪ ಸುಧಾರಿಸಾಕತ್ತೀನ್ರೀ." ಒಂದು ಕ್ಷಣ ಬಿಟ್ಟು, "ನೀವ್ಯಾಕ ಇನ್ನೂ ಎದ್ದೀರ್ರೀ?"

ಕೆಳಗೆ ಟ್ಯಾಂಕರ್ ಬಂದಿತ್ತು, ಅದಕ್ಕೆ ಎಚ್ಚರವಾಯಿತು ಎಂದೆ.